ಕಡಲು ಮುಚ್ಚಿದ ಮೇಲೆ ಹಾಯಿದೋಣಿಗೆ ನೆಲೆ

ಹಾಯಿದೋಣಿಯನ್ನು ಬಿಡುವಿನ ಕಾಲದಲ್ಲಿ ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಯುರೋಪಿನ ಕೈಪಿಡಿಗಳಲ್ಲಿ ಉತ್ತರ ಧಾರಾಳವಾಗಿ ಸಿಗುತ್ತದೆಯಾದರೂ ಆ ಉತ್ತರಗಳೆಲ್ಲ ಚಳಿಗಾಲದ ಭಯದಿಂದ ಹುಟ್ಟಿದವು. ಬಾಲ್ಟಿಕ್ ಸಮುದ್ರದ ದಡದವರು ನೀರು ಹೆಪ್ಪುಗಟ್ಟುವ ಮುನ್ನ, ಅಕ್ಟೋಬರಿನ ಹೊತ್ತಿಗೆ, ದೋಣಿಯನ್ನು ಮೇಲಕ್ಕೆತ್ತಿ ವಸಂತದಲ್ಲಿ ಮತ್ತೆ ಇಳಿಸುತ್ತಾರೆ. ಹಿಮದ ಭಾರ, ಒಡೆಯುವ ಕೊಳವೆ, ಎಂಜಿನ್ನಿನೊಳಗೆ ಗಟ್ಟಿಯಾಗುವ ನೀರು ಇವೇ ಅವರ ಚಿಂತೆಗಳು. ಭಾರತದ ಪಡುವಣ ಕರಾವಳಿಯಲ್ಲಾದರೆ ಚಳಿಗಾಲವೇ ಹಾಯಿಯ ಸುಗ್ಗಿ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಗಾಳಿ ಬಹುಮಟ್ಟಿಗೆ ಹೊತ್ತು ನೋಡಿಕೊಂಡು ಬೀಸುತ್ತದೆ: ಬೆಳಗ್ಗೆ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಇಲ್ಲಿ ದೋಣಿಯನ್ನು ದಡಕ್ಕೇರಿಸುವುದು ನೈಋತ್ಯ ಮಾರುತ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಂಕಣ ಪಡುವಲಿನಿಂದ ಬೀಸಿ ಮಳೆ ತರುವ ಗಾಳಿ. ಆದ್ದರಿಂದ ಮುಂಬಯಿಯ ದೋಣಿಗೆ ನೆಲೆ ಹುಡುಕುವವರು ಹಿಮದ ಶಾಸ್ತ್ರವನ್ನು ಬದಿಗಿಟ್ಟು ಮಳೆಯ ಶಾಸ್ತ್ರವನ್ನು ಕಲಿಯಬೇಕಾಗುತ್ತದೆ, ಮತ್ತು ಆ ಶಾಸ್ತ್ರವನ್ನು ಬಲ್ಲವರು ಈ ಕರಾವಳಿಯಲ್ಲೇ ಇದ್ದಾರೆ.

ಮುಂಬಯಿಯಲ್ಲಿ ಮಳೆ ಕಾಲಿಡುವ ಸರಾಸರಿ ದಿನ ಜೂನ್ 11, ಹಿಂದೆಗೆಯುವ ಸರಾಸರಿ ದಿನ ಅಕ್ಟೋಬರ್ 8. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಗೇಟ್‌ವೇ ಆಫ್ ಇಂಡಿಯಾದಿಂದ ಕೊಲ್ಲಿಯಾಚೆಯ ಮಾಂಡ್ವಾಕ್ಕೆ ಹೋಗುವ ಪ್ರಯಾಣಿಕರ ಲಾಂಚುಗಳು ಮೇ ಕೊನೆಯ ವಾರದಿಂದ ಆಗಸ್ಟ್ ಕೊನೆಯವರೆಗೆ ನಿಲ್ಲುತ್ತವೆ. 1846ರಲ್ಲಿ ಸ್ಥಾಪನೆಯಾದ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನ ಮುಂದಿನ ನೀರಿನಲ್ಲಿ ಲಂಗರು ಹಾಕಿ ನಿಲ್ಲುವ ಹಾಯಿದೋಣಿಗಳಿಗೂ ಈ ತಿಂಗಳುಗಳು ಬಿಡುವಿನವೇ. ಹೀಗೆ ಕಡಲು ಮುಚ್ಚುವ ಕಾಲ ಸುಮಾರು ನಾಲ್ಕು ತಿಂಗಳು, ಎಂದರೆ ವರ್ಷದ ಮೂರನೆಯ ಒಂದು ಪಾಲು. ಅಷ್ಟು ದಿನ ದೋಣಿ ಮಲಗುವ ಜಾಗ ಅದರ ಆಯುಷ್ಯವನ್ನೇ ನಿರ್ಧರಿಸುತ್ತದೆ.

ಈ ಪ್ರಶ್ನೆಯನ್ನು ವಿಲೆ ಪಾರ್ಲೆಯಿಂದ ನೋಡುವುದಕ್ಕೆ ಕಾರಣವಿದೆ. ಮುಂಬಯಿ ಉಪನಗರದ ಈ ಭಾಗ ಕಡಲಿಗೆ ಅಷ್ಟು ಹತ್ತಿರವಿದ್ದೂ ದೋಣಿಗೆ ಆಶ್ರಯ ಕೊಡಲಾಗದ ನೆಲ. ಇಂದು ಪಾರ್ಲೆಯ ಪಡುವಣ ಅಂಚಿಗೆ ಹೊಂದಿಕೊಂಡಿರುವ ಜುಹು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದ್ವೀಪವಾಗಿತ್ತು. ಸಾಷ್ಟಿ ಎಂಬ ದೊಡ್ಡ ದ್ವೀಪಕ್ಕೂ ಅದಕ್ಕೂ ನಡುವೆ ಉಬ್ಬರದಲ್ಲಿ ತುಂಬಿ ಇಳಿತದಲ್ಲಿ ದಾಟಬಹುದಾದ ಒಂದು ಖಾಡಿಯಿತ್ತು. ಖಾಡಿಯೆಂದರೆ ಕಡಲಿನ ಉಬ್ಬರವಿಳಿತಗಳು ನೆಲದೊಳಕ್ಕೆ ಬಂದುಹೋಗುವ ಹಿನ್ನೀರು. ಕರಾವಳಿ ಕನ್ನಡಿಗರು ಅಳಿವೆಯ ಒಳಭಾಗವೆನ್ನುವುದಕ್ಕೆ ಇದು ಹತ್ತಿರ. ಆ ಖಾಡಿ ಉಳಿದಿದ್ದರೆ ಪಾರ್ಲೆಯ ಮನೆಬಾಗಿಲಿಗೇ ಒಂದು ಸಹಜ ತಂಗುದಾಣವಿರುತ್ತಿತ್ತು. ಅದು ಹೂಳು, ತುಂಬಿಸಿದ ಮಣ್ಣು, ವಿಮಾನ ನಿಲ್ದಾಣ ಮತ್ತು ಬಡಾವಣೆಗಳ ಅಡಿಯಲ್ಲಿ ಮರೆಯಾಗಿ, ಅದರ ನೀರಿನ ನೆನಪನ್ನು ಇರ್ಲಾ ನಾಲೆಯೊಂದೇ ಹೊತ್ತಿದೆ. ಉಳಿದದ್ದು ಜುಹುವಿನ ಉದ್ದನೆಯ ಮರಳದಂಡೆ. ಅದು ನೇರವಾಗಿ ಪಡುವಲಿಗೆ, ಮಾರುತದ ಅಲೆಗಳಿಗೆ ಎದೆಯೊಡ್ಡಿಕೊಂಡಿದೆ.

ತೆರೆದ ದಂಡೆ ಮಳೆಗಾಲದಲ್ಲಿ ಏನು ಮಾಡಬಲ್ಲದೆಂಬುದಕ್ಕೆ 2011ರ ಮಳೆಗಾಲ ದೊಡ್ಡ ಅಕ್ಷರಗಳ ದಾಖಲೆಯನ್ನು ಬಿಟ್ಟಿದೆ. ಆ ವರ್ಷದ ಜೂನ್ 11ರಂದು, ಒಡೆಯುವುದಕ್ಕಾಗಿ ಅಲಂಗಿನತ್ತ ಎಳೆದೊಯ್ಯಲಾಗುತ್ತಿದ್ದ ‘ವಿಸ್ಡಂ’ ಎಂಬ ಹಳೆಯ ಸರಕು ಹಡಗು ಹಗ್ಗ ಕಡಿದುಕೊಂಡು ಜುಹುವಿನ ಮರಳಿಗೆ ಬಂದು ಕೂತಿತು. ಏಳು ವಾರಗಳ ಬಳಿಕ, ಜುಲೈ 31ರಂದು, ಒಮಾನಿನ ಕರಾವಳಿಯ ಬಳಿ ಸಿಬ್ಬಂದಿ ತೊರೆದಿದ್ದ ‘ಪವಿತ್’ ಎಂಬ ತೈಲ ಹಡಗು ಯಾರ ಕೈಯೂ ಇಲ್ಲದೆ ಅರಬ್ಬೀ ಸಮುದ್ರವನ್ನು ದಾಟಿಕೊಂಡು ಅದೇ ದಂಡೆಯ ಮೇಲೆ ಕಂಡಿತು. ಗಾಳಿ ಮತ್ತು ಪ್ರವಾಹಗಳೆರಡೂ ಜೂನ್, ಜುಲೈಗಳಲ್ಲಿ ತೇಲುವ ವಸ್ತುವನ್ನು ಈ ದಡಕ್ಕೆ ದೂಡುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಉಕ್ಕಿನ ಹಡಗನ್ನು ಅಲುಗಿಸುವ ನೀರು ಐದು ಮೀಟರಿನ ಹಾಯಿದೋಣಿಯನ್ನು ಮರಳಿನ ಮೇಲೆ ಬಿಟ್ಟರೆ ಒಂದೇ ಉಬ್ಬರದಲ್ಲಿ ಅಡ್ಡಬೀಳಿಸಿ ಅದರೊಳಗೆ ಮರಳು ತುಂಬುತ್ತದೆ.

ಮಳೆಗಾಲಕ್ಕೆ ಜುಹುವನ್ನು ಬಿಟ್ಟುಹೋಗಬೇಕೆಂಬ ಅರಿವು ದೋಣಿಯವರಿಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತ ಪುಟ್ಟ ವಿಮಾನವನ್ನು ಇಳಿಸಿದ್ದು ಜುಹುವಿನ ಬಯಲಿನಲ್ಲಿ. ಆದರೆ ಆ ಬಯಲು ಕೆಸರು ನೆಲವಾಗಿ ಮಳೆಗಾಲದಲ್ಲಿ ನೀರಿನಡಿ ಹೋಗುತ್ತಿದ್ದುದರಿಂದ, ಆರಂಭದ ವರ್ಷಗಳಲ್ಲಿ ವಿಮಾನಗಳೂ ಚಾಲಕರೂ ಮೆಕ್ಯಾನಿಕ್ಕುಗಳೂ ಆ ತಿಂಗಳುಗಳಿಗೆ ಪುಣೆಯ ಯೆರವಡಾಕ್ಕೆ ಬಿಡಾರ ಬದಲಿಸುತ್ತಿದ್ದರು. ನೆಲ ಒಂದೇ ಆದರೂ ಅದು ಎಂಟು ತಿಂಗಳು ಒಂದು ಬಗೆ, ನಾಲ್ಕು ತಿಂಗಳು ಇನ್ನೊಂದು ಬಗೆ. ಪಾರ್ಲೆ–ಜುಹುವಿನ ಭೂಗೋಳದ ಮೊದಲ ಪಾಠ ಇದೇ.

ತೆರೆದ ದಂಡೆಯನ್ನು ಬಿಟ್ಟ ಮೇಲೆ ಸಹಜವಾಗಿ ಕಣ್ಣು ಹೋಗುವುದು ಖಾಡಿಯ ಕಡೆಗೆ. ಪಾರ್ಲೆಯಿಂದ ಬಡಗಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಮಲಾಡ್ ಖಾಡಿ ಕಡಲನ್ನು ಸೇರುತ್ತದೆ. ಅದರ ಬಾಯಿಯ ತೆಂಕಣ ದಡದಲ್ಲಿ ವರ್ಸೋವಾ, ಬಡಗಣ ದಡದಲ್ಲಿ ಮಢ್ ಎಂಬ ಕೋಳಿವಾಡಗಳಿವೆ. ಕೋಳಿವಾಡವೆಂದರೆ ಮುಂಬಯಿಯ ಮೂಲನಿವಾಸಿ ಮೀನುಗಾರರಾದ ಕೋಳಿ ಜನರ ಊರು. ವರ್ಸೋವಾದ ಮನೆಗಳು ಕಡಲಿಗೆ ಬೆನ್ನುಮಾಡಿ ದೋಣಿಗಳು ಖಾಡಿಯ ಕಡೆ ನಿಲ್ಲುವಂತೆ ಊರು ಬೆಳೆದಿರುವುದರಲ್ಲೇ ಬಂದರು ಶಾಸ್ತ್ರದ ಒಂದು ಅಧ್ಯಾಯವಿದೆ: ಅಲೆ ನೇರವಾಗಿ ಬಡಿಯದ, ಆದರೆ ಉಬ್ಬರ ತಲುಪುವ ಮಗ್ಗುಲನ್ನು ಅವರು ತಲೆಮಾರುಗಳ ಹಿಂದೆಯೇ ಆರಿಸಿದ್ದಾರೆ. ಮೇ ತಿಂಗಳ ಕೊನೆಗೆ ದೋಣಿಗಳನ್ನು ಮೇಲಕ್ಕೆಳೆದು, ಸಾಲಾಗಿ ಕೂರಿಸಿ, ಹೊದಿಕೆ ಹಾಕುವ ಕೆಲಸಕ್ಕೆ ಅವರ ಮರಾಠಿಯಲ್ಲಿ ‘ಶಾಕಾರಣೆ’ ಎನ್ನುತ್ತಾರೆ. ಮಳೆಗೆ ಮುನ್ನ ಮನೆಯ ಮಾಡಿಗೆ ಹೊಸ ಹುಲ್ಲು, ಸೋಗೆ ಹೊದಿಸುವುದಕ್ಕೂ ಇದೇ ಮಾತು. ದೋಣಿಯನ್ನೂ ಒಂದು ಮನೆಯೆಂದು ಬಗೆದು ಅದಕ್ಕೂ ಮಾಡು ಹೊದಿಸುವ ಈ ಪದದಲ್ಲಿ ಬಹಳ ತಿಳಿವಳಿಕೆ ಅಡಗಿದೆ, ಏಕೆಂದರೆ ದಡಕ್ಕೇರಿದ ದೋಣಿಯ ನಿಜವಾದ ಶತ್ರು ಮೇಲಿನಿಂದ ಬರುತ್ತದೆ.

ಅದು ಹೇಗೆಂದು ವಿವರಿಸಬೇಕಾದರೆ ಮರದ ಸ್ವಭಾವದಿಂದ ಆರಂಭಿಸಬೇಕು. ಉಪ್ಪುನೀರು ಮರವನ್ನು ಕೆಡಿಸುತ್ತದೆಂಬುದು ಸಾಮಾನ್ಯ ನಂಬಿಕೆ. ಆದರೆ ಮರವನ್ನು ಕೊಳೆಸುವುದು ಒಂದು ಬಗೆಯ ಶಿಲೀಂಧ್ರ, ಮತ್ತು ಅದಕ್ಕೆ ಉಪ್ಪು ಆಗಿಬರುವುದಿಲ್ಲ. ಅಟ್ಲಾಂಟಿಕ್ ತೀರದ ಹಳೆಯ ಹಡಗು ಕಟ್ಟುವವರು ಪಕ್ಕೆಮರಗಳ ಸಂದುಗಳಲ್ಲಿ ಉಪ್ಪನ್ನೇ ತುಂಬುತ್ತಿದ್ದುದು ಈ ಕಾರಣಕ್ಕೆ. ಮಳೆಯ ಸಿಹಿನೀರು ಹಲಗೆಯ ತುದಿಗಳಲ್ಲಿ, ಮೊಳೆಯ ಸುತ್ತ, ಒಳಗಿನ ಮೂಲೆಗಳಲ್ಲಿ ನಿಂತು, ಗಾಳಿಯಾಡದೆ, ಮೂವತ್ತು ಡಿಗ್ರಿಯ ಸೆಕೆಯಲ್ಲಿ ವಾರಗಟ್ಟಲೆ ಉಳಿದರೆ ಶಿಲೀಂಧ್ರಕ್ಕೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ವರ್ಷವಿಡೀ ಕಡಲಿನಲ್ಲಿ ದುಡಿದುದಕ್ಕಿಂತ ಒಂದು ಮಳೆಗಾಲ ದಡದಲ್ಲಿ ಬಾಯ್ದೆರೆದು ಬಿದ್ದಿದ್ದಕ್ಕೆ ಮರದ ದೋಣಿ ಹೆಚ್ಚು ಕೆಡುತ್ತದೆ. ತೇಗವೇನೋ ತನ್ನೊಳಗಿನ ಎಣ್ಣೆಯಿಂದ ಬಹುಕಾಲ ತಾಳುತ್ತದೆ. ಬಾಂಬೆಯ ವಾಡಿಯಾ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕಾಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಆದರೆ ಇಂದು ಸಣ್ಣ ದೋಣಿಗಳಿಗೆ ಬಳಕೆಯಾಗುವ ಅಗ್ಗದ ಮರಕ್ಕೂ ಪ್ಲೈವುಡ್ಡಿಗೂ ಅಂಥ ರಕ್ಷೆಯಿಲ್ಲ.

ದಡದ ಈ ಕೊಳೆತವನ್ನು ತಪ್ಪಿಸಲು ದೋಣಿಯನ್ನು ಉಪ್ಪುನೀರಿನಲ್ಲೇ ಬಿಟ್ಟರೆ ಇನ್ನೊಂದು ಶತ್ರುವಿನ ಕೈಗೆ ಅದು ಸಿಗುತ್ತದೆ. ಟೆರೆಡೊ ಎಂಬ ಹೆಸರಿನ ಹಡಗುಹುಳು ಹೆಸರಿಗೆ ಹುಳುವಾದರೂ ಜಾತಿಯಲ್ಲಿ ಮರುವಾಯಿಯಂಥ ಎರಡು ಚಿಪ್ಪಿನ ಜೀವಿಗಳ ನೆಂಟ. ಮರಿಯಾಗಿದ್ದಾಗ ಸೂಜಿಮೊನೆಯಷ್ಟು ರಂಧ್ರ ಮಾಡಿ ಮರದೊಳಗೆ ಹೊಕ್ಕು, ತನ್ನ ಎರಡು ಚಿಪ್ಪುಗಳನ್ನೇ ಬೈರಿಗೆಯಂತೆ ಬಳಸಿ ಒಳಗೊಳಗೇ ಕೊರೆಯುತ್ತ ಬೆಳೆಯುತ್ತದೆ. ಹೊರಗಿನಿಂದ ಹಲಗೆ ನುಣುಪಾಗಿ ಕಾಣುತ್ತಿರುವಾಗಲೇ ಒಳಗದು ಜೇನುತಟ್ಟಿಯಾಗಿರಬಹುದು. ಇದಕ್ಕೆ ಉಪ್ಪುನೀರು ಬೇಕು. ಒಣಗಿದರೆ ಅಥವಾ ಬಹುದಿನ ಸಿಹಿನೀರಿನಲ್ಲಿದ್ದರೆ ಸಾಯುತ್ತದೆ. ಇಲ್ಲಿಯೇ ಕರ್ನಾಟಕ ಕರಾವಳಿಯ ಹಳೆಯ ಪದ್ಧತಿಯ ಜಾಣತನ ಗೋಚರಿಸುತ್ತದೆ.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಹತ್ತಾರು ಮೈಲಿಗೊಂದು ನದಿ ಕಡಲನ್ನು ಸೇರುತ್ತದೆ: ಕಾಳಿ, ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಹಂಗಾರಕಟ್ಟೆಯಲ್ಲಿ ಸೀತಾ–ಸ್ವರ್ಣಾ, ಮಂಗಳೂರಿನಲ್ಲಿ ನೇತ್ರಾವತಿ–ಗುರುಪುರ. ಮಳೆ ಹಿಡಿದ ಮೇಲೆ ಈ ನದಿಗಳು ಘಟ್ಟದಿಂದ ಕೆಂಪು ನೀರು ತಂದು ಅಳಿವೆಯ ಉಪ್ಪನ್ನೆಲ್ಲ ಕಡಲಿಗೆ ನೂಕುತ್ತವೆ. ಬಾಂಬೆಗೆ ಹೆಂಚು ಹೊತ್ತೊಯ್ಯುತ್ತಿದ್ದ ಮಂಜಿಗಳು, ಎಂದರೆ ದೊಡ್ಡ ಹಾಯಿಯ ಸರಕು ನಾವೆಗಳು, ಮಳೆಗಾಲದಲ್ಲಿ ನದಿಯ ಒಳಗೆ ಸರಿದು ನಿಂತರೆ ಅಲೆಯಿಂದ ಆಶ್ರಯವೂ ಆಯಿತು, ಸಿಹಿನೀರಿನಲ್ಲಿ ಹುಳುವಿನ ಚಿಕಿತ್ಸೆಯೂ ಆಯಿತು. ಮಂಗಳೂರಿನ ಹಳೆ ಬಂದರು ಇಂದಿಗೂ ಇಂಥ ನಾವೆಗಳಿಗೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ, ಅದು ದೊಡ್ಡ ಹಿನ್ನೀರಿನ ದಡದ ಪಟ್ಟಣವೆಂದೂ, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವುದಕ್ಕಲ್ಲದೆ ಬೇರೆ ಯಾರೂ ಆ ಕಡಲಿಗೆ ಇಳಿಯಲಾರರೆಂದೂ ಬರೆದಿದ್ದಾನೆ. ಆ ಕಾಲಕ್ಕೆ ಅವನು ಬಳಸಿದ ಪದ ‘ವರ್ಷಕಾಲ’ದ್ದೇ ಅಪಭ್ರಂಶ.

ಆ ನದಿದಡಗಳಿಂದ ಹೊರಟು ಬಂದ ಮೀನುಗಾರ ಸಮುದಾಯದವರಾದ ಮೊಗವೀರರು 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. ಪಾರ್ಲೆಯ ಮಗ್ಗುಲಿನ ಅಂಧೇರಿಯಲ್ಲಿ ಇಂದು ಅವರ ಭವನವಿದೆ. ದೋಣಿಯ ಬಗೆಗಿನ ಎರಡು ಪರಂಪರೆಗಳು, ಖಾಡಿಯ ಕೋಳಿ ಜನರದ್ದೂ ಅಳಿವೆಯ ಮೊಗವೀರರದ್ದೂ, ಒಂದು ಬಸ್ಸಿನ ಹಾದಿಯಷ್ಟು ಅಂತರದಲ್ಲಿ ಇಲ್ಲಿ ನೆಲೆಸಿವೆ. ಹವ್ಯಾಸಿ ಹಾಯಿಗಾರರು ಇವರ ಹಿರಿಯರನ್ನು ಕೇಳುವ ಮೊದಲು ಕೈಪಿಡಿಗಳನ್ನು ತೆರೆಯುವುದು ಖೇದದ ಸಂಗತಿ.

ಆದರೂ ಅಳಿವೆಯ ಪದ್ಧತಿಯನ್ನು ಮುಂಬಯಿಗೆ ಹಾಗೆಯೇ ತರಲಾಗದು. ಮಲಾಡ್ ಖಾಡಿಗೆ ಘಟ್ಟದ ನದಿಯಿಲ್ಲ. ಮಳೆಯ ನೀರು, ನಗರದ ಕೊಳಚೆ ಬಂದು ಸೇರಿದರೂ ದಿನಕ್ಕೆರಡು ಸಲ ಉಬ್ಬರ ಉಪ್ಪನ್ನು ಮರಳಿ ತರುತ್ತದೆ. ಹೀಗಾಗಿ ಹುಳು ಸಾಯುವಷ್ಟು ಸಿಹಿನೀರು ಸಿಗುತ್ತದೆಂಬ ಭರವಸೆಯಿಲ್ಲದೆ, ಅಲೆಯ ಆಶ್ರಯ ಮಾತ್ರ ಸಿಗುತ್ತದೆ. ಅದರ ಜೊತೆಗೆ ಖಾಡಿ ಹೂಳಿನಿಂದ ಕಿರಿದಾಗುತ್ತ ಬಂದಿರುವುದರಿಂದ ಮೀನುಗಾರರಿಗೇ ಜಾಗ ಸಾಲದು. ದ್ವೀಪನಗರದ ಮೂಡಣ ಮಗ್ಗುಲಿನ ಕೊಲ್ಲಿ, ಅಂದರೆ ಭಾವುಚಾ ಧಕ್ಕಾದಿಂದ ಶಿವಡಿಯವರೆಗಿನ ದಡ, ನೈಋತ್ಯದ ಅಲೆಗೆ ನಗರದ ಭೂಮಿಯೇ ಗೋಡೆಯಾಗಿರುವುದರಿಂದ ಇನ್ನೂ ಶಾಂತ. ಇಳಿತದಲ್ಲಿ ಅಲ್ಲಿನ ಮೆತ್ತನೆಯ ಕೆಸರು ಚಪ್ಪಟೆ ಅಡಿಯ ದೋಣಿಯನ್ನು ಹಾಸಿಗೆಯಂತೆ ಹಿಡಿದುಕೊಳ್ಳುತ್ತದೆ. ಆದರೆ ಹಡಗುಗಳ ಓಡಾಟ ಮತ್ತು ಎಣ್ಣೆಯ ಜಿಡ್ಡು ಎರಡೂ ಅಲ್ಲಿವೆ.

ಹೀಗೆ ಒಂದೊಂದೇ ನೆಲೆಯನ್ನು ತೂಗಿದಾಗ, ಸಣ್ಣ ಹಾಯಿದೋಣಿಗೆ ಮಳೆಗಾಲದಲ್ಲಿ ಗಟ್ಟಿ ನೆಲವೇ ಯೋಗ್ಯವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಅದಾದ ಮೇಲೆ ಮುಖ್ಯವಾಗುವುದು ನೀರಿನ ಲೆಕ್ಕ. ಪಾರ್ಲೆಗೆ ಅಂಟಿಕೊಂಡಿರುವ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರಾಸರಿ 2,300 ಮಿಲಿಮೀಟರಿನ ಆಸುಪಾಸು ಮಳೆ ದಾಖಲಾಗುತ್ತದೆ. ಐದು ಮೀಟರ್ ಉದ್ದದ, ತೆರೆದ ಮೈಯ ದೋಣಿಯ ಬಾಯಿ ಸುಮಾರು 7 ಚದರ ಮೀಟರ್ ಎಂದಿಟ್ಟುಕೊಂಡರೆ, ಮುಂಬಯಿಗೆ ಮಾಮೂಲಾದ 100 ಮಿಲಿಮೀಟರಿನ ಒಂದು ಮಳೆಗೆ ಅದರೊಳಗೆ 700 ಲೀಟರ್, ಅಂದರೆ 700 ಕಿಲೋ ನೀರು ನಿಲ್ಲುತ್ತದೆ. ಹತ್ತು ಮಂದಿ ದೊಡ್ಡವರು ಹತ್ತಿ ಕೂತಷ್ಟು ಭಾರ. ಇದೇ ಕೇಂದ್ರದಲ್ಲಿ 2005ರ ಜುಲೈ 26ರಿಂದ 27ರವರೆಗಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ತೇಲುವ ದೋಣಿಯ ಭಾರವನ್ನು ನೀರು ಎಲ್ಲ ಕಡೆಯಿಂದ ಸಮನಾಗಿ ಹೊರುತ್ತದೆ. ದಡದಲ್ಲಿರುವ ದೋಣಿಯ ಭಾರವೆಲ್ಲ ಎರಡು ಮೂರು ಆಧಾರಗಳ ಮೇಲೆ ಬೀಳುವುದರಿಂದ ಒಳಗೆ ತುಂಬಿದ ಮಳೆನೀರು ಹಲಗೆಯನ್ನೋ ಫೈಬರಿನ ಮೈಯನ್ನೋ ಆ ಜಾಗಗಳಲ್ಲಿ ಒಳಕ್ಕೆ ಒತ್ತಿಬಿಡುತ್ತದೆ.

ಆದ್ದರಿಂದ ನೆಲೆಯನ್ನು ಆರಿಸುವಾಗ ಮೊದಲು ನೋಡಬೇಕಾದದ್ದು, ನೀರು ತಾನಾಗಿ ಹರಿದುಹೋಗುವ ಇಳಿಜಾರು ಅಲ್ಲಿದೆಯೇ ಎಂಬುದನ್ನು. ದೋಣಿಯ ಮೂತಿಯನ್ನು ಎತ್ತರಿಸಿ, ಹಿಂಭಾಗವನ್ನು ತಗ್ಗಿಸಿ, ಅಡಿಯ ಬಿರಡೆಯನ್ನು ತೆಗೆದಿಡಬೇಕು. ತೆಗೆದ ಬಿರಡೆಯನ್ನು ಚುಕ್ಕಾಣಿಗೆ ಕಟ್ಟಿಟ್ಟರೆ ಮತ್ತೆ ಇಳಿಸುವ ದಿನ ಹುಡುಕಾಟವಿಲ್ಲ. ಆಪ್ಟಿಮಿಸ್ಟ್ ಎಂಬ ಮಕ್ಕಳ ದೋಣಿ 2.3 ಮೀಟರ್ ಉದ್ದ, ಬರಿಯ 35 ಕಿಲೋ ತೂಕ. ಅದನ್ನೂ ಅಂಥ ಹಗುರ ದೋಣಿಗಳನ್ನೂ ಮಗುಚಿ ಮರದ ತುಂಡುಗಳ ಮೇಲಿಟ್ಟರೆ ನೀರಿನ ಪ್ರಶ್ನೆಯೇ ಏಳದು. ಮಗುಚಲಾಗದ ದೋಣಿಗೆ ಹೊದಿಕೆ ಬೇಕು, ಆದರೆ ಟಾರ್ಪಾಲನ್ನು ಬಿಗಿಯಾಗಿ ಸುತ್ತಿ ಕಟ್ಟಿದರೆ ಒಳಗೆ ಬೆವರು ಹಿಡಿದು ಬೂಷ್ಟು ಬೆಳೆಯುತ್ತದೆ. ಹಾಯಿ ಕಟ್ಟುವ ಕೂವೆಮರವನ್ನೋ ಬಿದಿರನ್ನೋ ನಡುವೆ ಉದ್ದಕ್ಕೆ ತೊಲೆಯಂತೆ ಇಟ್ಟು, ಟಾರ್ಪಾಲನ್ನು ಎರಡು ಕಡೆ ಇಳಿಬಿಟ್ಟು, ಮುಂದೆ ಹಿಂದೆ ಗಾಳಿಗೆ ದಾರಿ ಬಿಡಬೇಕು. ತೆಂಗಿನ ಮಡಲಿನ ತಟ್ಟಿ ಈ ಕೆಲಸವನ್ನು ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಮಾಡುತ್ತಿತ್ತು: ಮಳೆಯನ್ನು ಜಾರಿಸಿ ಉಸಿರನ್ನು ಬಿಡುತ್ತಿತ್ತು.

ಪಾರ್ಲೆಯಂಥ ವಸತಿ ಬಡಾವಣೆಯಲ್ಲಿ ಸೊಸೈಟಿಯ ಅಂಗಳಕ್ಕೆ ದೋಣಿ ತಂದಿಡುವವರು ಇನ್ನೊಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಡೆಂಗಿ ಹರಡುವ ಸೊಳ್ಳೆಗೆ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ವಾರ, ಹತ್ತು ದಿನ ಸಾಕು. ಟಾರ್ಪಾಲಿನ ಒಂದು ಜೋಲಿನಲ್ಲಿ ನಿಂತ ಎರಡು ಲೋಟ ನೀರೂ ಅದಕ್ಕೆ ಕೆರೆಯೇ. ಮಳೆಗಾಲದಲ್ಲಿ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದವರು ಇಂಥ ತಾಣಗಳನ್ನು ಹುಡುಕಿ ನೋಟಿಸು ಕೊಡುವುದು ಸರಿಯಾದದ್ದೇ. ದೋಣಿಯ ಆರೋಗ್ಯಕ್ಕೆ ಬೇಕಾದ ವಾರದ ಭೇಟಿಯೇ ನೆರೆಯವರ ಆರೋಗ್ಯಕ್ಕೂ ಬೇಕು.

ಫೈಬರ್‌ಗ್ಲಾಸಿನ ದೋಣಿಗೆ, ಅಂದರೆ ಗಾಜಿನ ನೂಲು ಮತ್ತು ರಾಳವನ್ನು ಪದರಪದರವಾಗಿ ಹಾಕಿ ಅಚ್ಚಿನಲ್ಲಿ ಮಾಡಿದ ದೋಣಿಗೆ, ಹುಳುವಿನ ಭಯವೂ ಕೊಳೆಯುವ ಭಯವೂ ಇಲ್ಲವಾದರೂ ಬೆಚ್ಚನೆಯ ನೀರಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ತೇವ ಮೇಲ್ಪದರದೊಳಕ್ಕೆ ಇಳಿದು ಬೊಬ್ಬೆಗಳೇಳುತ್ತವೆ, ಬಿಸಿಲಿಗೆ ಬಿಟ್ಟರೆ ಹೊಳಪು ಸತ್ತು ಸುಣ್ಣದಂತಾಗುತ್ತದೆ. ಅಡಿಯಲ್ಲಿ ಭಾರದ ಕೀಲು, ಎಂದರೆ ದೋಣಿ ಮಗುಚದಂತೆ ಹಿಡಿಯುವ ಅಡಿಯ ರೆಕ್ಕೆ, ಇರುವ ದೊಡ್ಡ ದೋಣಿಯನ್ನು ನಿಲ್ಲಿಸುವಾಗ ತೂಕವೆಲ್ಲ ಕೀಲಿನ ಮೇಲೇ ಬೀಳಬೇಕು. ಮಗ್ಗುಲಿನ ಊರೆಗಳು ವಾಲದಂತೆ ಹಿಡಿಯುವುದಕ್ಕೆ ಮಾತ್ರ. ಊರೆಯ ಕೆಳಗಿನ ಮಣ್ಣು ಮಳೆಗೆ ಕುಸಿಯುವ ಜಾಗವಾದರೆ ಕಲ್ಲು ಚಪ್ಪಡಿ ಹಾಸದೆ ಬೇರೆ ದಾರಿಯಿಲ್ಲ. ಹೊಸದಾಗಿ ಮಣ್ಣು ತುಂಬಿಸಿದ ನೆಲವನ್ನು, ಅದು ಎಷ್ಟೇ ಅಗ್ಗಕ್ಕೆ ಸಿಗಲಿ, ದೂರವಿಡುವುದೇ ವಿವೇಕ.

ಗಾಳಿಯ ಮಾತು ಬೇರೆಯೇ. ಮುಂಬಯಿ ಚಂಡಮಾರುತಗಳಿಂದ ಬಹುಕಾಲ ಪಾರಾಗುತ್ತ ಬಂದ ನಗರವೆಂಬ ಸಮಾಧಾನ ಈಚಿನ ವರ್ಷಗಳಲ್ಲಿ ಕರಗಿದೆ. 2020ರ ಜೂನ್ 3ರಂದು ‘ನಿಸರ್ಗ’ ಅಲಿಬಾಗಿನ ತೆಂಕಣಕ್ಕೆ ನೆಲ ಮುಟ್ಟಿತು. 2021ರ ಮೇ 17ರಂದು ‘ತೌಕ್ತೆ’ ನಗರದ ಪಕ್ಕದಲ್ಲೇ ಗುಜರಾತಿನತ್ತ ಸಾಗಿದಾಗ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ವೇಗ ಮುಟ್ಟಿತು. ಆ ವೇಗದ ಗಾಳಿ ಎದುರು ನಿಂತ ಪ್ರತಿ ಚದರ ಮೀಟರಿನ ಮೇಲೆ ಸರಿಸುಮಾರು 60 ಕಿಲೋ ತೂಕದಷ್ಟು ಒತ್ತುತ್ತದೆ, ಆದರೆ ಒಬ್ಬರೇ ನಡೆಸುವ ಲೇಸರ್ ದೋಣಿಯ ಇಡೀ ಮೈಯ ತೂಕ 60 ಕಿಲೋ ದಾಟದು. ಎರಡೂ ಬಿರುಗಾಳಿಗಳು ಮಳೆಗಾಲಕ್ಕೆ ಮುನ್ನವೇ ಬಂದವೆಂಬುದನ್ನು ಗಮನಿಸಿದರೆ, ಮೇ ಕೊನೆಯವರೆಗೂ ಹಾಯಿಯ ಮೋಜು ಮುಗಿಸಿ ಆಮೇಲೆ ನೆಲೆ ನೋಡೋಣವೆಂಬ ರೂಢಿ ಅಪಾಯದ್ದೆಂದು ತಿಳಿಯುತ್ತದೆ. ಮೇ ಎರಡನೆಯ ವಾರಕ್ಕೇ ದೋಣಿ ಮೇಲೇರಿ, ನೆಲಕ್ಕೆ ಹೂತ ಗೂಟಗಳಿಗೆ ಬಿಗಿದಿರಬೇಕು. ಕೆರಿಬಿಯನ್ ದ್ವೀಪಗಳ ಅಂಗಳಗಳಲ್ಲಿ ಕೀಲು ಹೂತುಕೊಳ್ಳುವಷ್ಟು ಗುಂಡಿ ತೋಡಿ ದೋಣಿಯನ್ನು ಅದರಲ್ಲಿ ಇಳಿಸಿ ಪಟ್ಟಿಗಳಿಂದ ನೆಲಕ್ಕೆ ಕಟ್ಟುತ್ತಾರೆ. 12 ಡಿಗ್ರಿ ಉತ್ತರ ಅಕ್ಷಾಂಶದ ಗ್ರೆನಡಾ ದ್ವೀಪವನ್ನು ಬಿರುಗಾಳಿಯ ದಾರಿಯಿಂದ ಹೊರಗಿನದೆಂದು ನಂಬಿ ನೂರಾರು ದೋಣಿಗಳು ಅಲ್ಲಿ ಆಶ್ರಯ ಪಡೆದಿದ್ದಾಗ, 2004ರ ಸೆಪ್ಟೆಂಬರಿನಲ್ಲಿ ‘ಐವನ್’ ಅಲ್ಲಿಗೇ ಬಂದೆರಗಿತು. ಭೂಪಟದ ರೇಖೆಯನ್ನು ನಂಬಿದವರಿಗಿಂತ ಗುಂಡಿ ತೋಡಿದವರು ಕಡಿಮೆ ಕಳೆದುಕೊಳ್ಳುತ್ತಾರೆ.

ಕೂವೆಮರವನ್ನು ನಿಲ್ಲಿಸಿಯೇ ಬಿಟ್ಟರೆ ಅದು ಇಡೀ ದೋಣಿಯನ್ನು ಗಾಳಿಯಲ್ಲಿ ಅಲುಗಿಸುವ ಸನ್ನೆಗೋಲಾಗುತ್ತದೆ. ಅದನ್ನು ಕಳಚಿ ಮೂರು ಕಡೆ ಆಧಾರ ಕೊಟ್ಟು ಮಲಗಿಸಬೇಕು, ಸಾಗಿಸುವಾಗ ಮೇಲಿನ ವಿದ್ಯುತ್ ತಂತಿಗಳ ಮೇಲೆ ಕಣ್ಣಿರಬೇಕು, ಏಕೆಂದರೆ ಅಲ್ಯೂಮಿನಿಯಂ ಕೂವೆ ಒಳ್ಳೆಯ ವಾಹಕ. ಹಾಯಿಗಳನ್ನು ಮಾತ್ರ ದೋಣಿಯ ಜೊತೆ ಬಿಡದೆ ಮನೆಗೇ ಒಯ್ಯುವುದು ಒಳ್ಳೆಯದು. ಸಿಹಿನೀರಿನಲ್ಲಿ ಉಪ್ಪು ತೊಳೆದು, ಮೇ ತಿಂಗಳಲ್ಲೇ ನೆರಳಿನಲ್ಲಿ ಪೂರ್ತಿ ಒಣಗಿಸಿ, ಮಡಚದೆ ಸುರುಳಿ ಸುತ್ತಿ ಮಂಚದಡಿಯಲ್ಲೋ ಕಪಾಟಿನ ಮೇಲೋ ಇಟ್ಟರೆ ಸಾಕು. ಉಪ್ಪು ಉಳಿದ ಬಟ್ಟೆ ಗಾಳಿಯ ತೇವವನ್ನು ಹೀರಿ ಮಳೆಗಾಲವಿಡೀ ಒಣಗುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ತೂಗಬೇಕಾದ, ಆದರೆ ಬಾಡಿಗೆಯ ಲೆಕ್ಕದಲ್ಲಿ ಮರೆತುಹೋಗುವ ವಿಷಯ ದೂರದ್ದು. ಕೊಲ್ಲಿಯಾಚೆ ಅಲಿಬಾಗಿನ ಸುತ್ತಲ ಮಾಂಡ್ವಾ, ಧರಮ್‌ತರ್ ಖಾಡಿ, ರೇವದಂಡಾಗಳ ಕಡೆ ಜಾಗ ವಿಶಾಲ, ತೆಂಗಿನ ತೋಟದ ನೆರಳೂ ಉಂಟು. 2020ರ ಮಾರ್ಚಿನಿಂದ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ವಾಹನ ಸಾಗಿಸುವ ರೋ–ರೋ ಹಡಗಿದೆ, 2024ರ ಜನವರಿಯಿಂದ 21.8 ಕಿಲೋಮೀಟರಿನ ಅಟಲ್ ಸೇತುವೆಯೂ ಇದೆ. ಆದರೂ ಮಳೆಗಾಲದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ಧಾರಾಕಾರ ಸುರಿಯುವ ದಿನ ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳು ನೀರು ತುಂಬಿ ಮುಚ್ಚಿದರೆ ಪಾರ್ಲೆಯ ಪೂರ್ವದಿಂದ ಪಶ್ಚಿಮಕ್ಕೆ ದಾಟುವುದೇ ಒಂದು ಪ್ರಯಾಣ. ದೋಣಿಯ ಬಿರಡೆಯ ರಂಧ್ರಕ್ಕೆ ಎಲೆ ಸಿಕ್ಕಿಕೊಂಡು ನೀರು ತುಂಬುವುದೂ ಅಂಥ ದಿನವೇ. ಪಾರ್ಲೆಯ ಪಶ್ಚಿಮದಲ್ಲಿ ವಾಸಿಸುವವರಿಗೆ, ಅಲಿಬಾಗಿನ ಅಚ್ಚುಕಟ್ಟಾದ ಷೆಡ್ಡಿಗಿಂತ ವರ್ಸೋವಾ ಅಥವಾ ಮಢ್‌ನ ಕೋಳಿ ಜನರ ಒಂದು ಮನೆಯ ಹಿತ್ತಿಲು, ಆ ಮನೆಯವರ ಒಪ್ಪಿಗೆ ಮತ್ತು ತಕ್ಕ ಸಂಭಾವನೆಯೊಡನೆ, ಹೆಚ್ಚು ಸುರಕ್ಷಿತವೆಂಬುದು ಈ ಲೇಖನದ ನಿಲುವು. ತಮ್ಮ ದೋಣಿಯ ಟಾರ್ಪಾಲು ಹಾರಿತೇ ಎಂದು ನಡುರಾತ್ರಿ ಎದ್ದು ನೋಡುವ ಮನೆಯಲ್ಲಿ ಪಕ್ಕದ ದೋಣಿಯ ಟಾರ್ಪಾಲಿನ ಸದ್ದೂ ಕೇಳಿಸುತ್ತದೆ. ವಿಮೆಯ ಕರಾರು, ಕಾವಲುಗಾರನ ರಿಜಿಸ್ಟರು ಇವು ಆ ಕಿವಿಯ ಕೆಲಸವನ್ನು ಮಾಡಲಾರವು. ಮೀನುಗಾರರು ತಮ್ಮ ದೋಣಿಗಳಿಗೇ ಜಾಗ ಸಾಲದೆ ಪರದಾಡುತ್ತಿರುವಾಗ ಹವ್ಯಾಸದ ದೋಣಿ ಅವರ ಇಳಿಜಾರನ್ನು ಆಕ್ರಮಿಸಬಾರದೆಂಬ ಷರತ್ತು ಮಾತ್ರ ಇದಕ್ಕೆ ಸೇರಿರಬೇಕು.

ಕೊನೆಯದಾಗಿ, ಮೇಲೇರಿಸಿದ ಜಾಗದಿಂದ ದೋಣಿ ಮರಳಿ ನೀರಿಗೆ ಬರುವ ದಾರಿ. ಮುಂಬಯಿಯಲ್ಲಿ ಉಬ್ಬರವಿಳಿತಗಳ ಅಂತರ ದೊಡ್ಡದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದಾಗುವುದರಿಂದ ಉಬ್ಬರ ಹಿರಿದಾಗುತ್ತದೆ, ಮತ್ತು ಮಳೆಗಾಲದಲ್ಲಿ ಅದು 4.5 ಮೀಟರ್ ಮೀರುವ ದಿನಗಳ ಪಟ್ಟಿಯನ್ನು ಪಾಲಿಕೆ ಮುಂಚಿತವಾಗಿ ಪ್ರಕಟಿಸುತ್ತದೆ. ಮೇ ಹುಣ್ಣಿಮೆಯ ನೀರಿನ ಗೆರೆಯನ್ನು ನೋಡಿ, ಅದಕ್ಕೆ ಒಂದಡಿ ಮೇಲೆ ದೋಣಿ ಕೂರಿಸಿದವರನ್ನು ಜುಲೈನ ಉಬ್ಬರ ಹುಡುಕಿಕೊಂಡು ಬರುತ್ತದೆ. ಅದೇ ದೊಡ್ಡ ಉಬ್ಬರ ಇಳಿಸುವಾಗ ನೆರವಾಗುತ್ತದೆ. ಕೋಳಿ ಜನರ ನಾರಳಿ ಪೂರ್ಣಿಮೆ ಮತ್ತು ಕರ್ನಾಟಕ ಕರಾವಳಿಯ ನೂಲ ಹುಣ್ಣಿಮೆ ಎರಡೂ ಶ್ರಾವಣದ ಹುಣ್ಣಿಮೆಯೇ. ಕಡಲಿಗೆ ತೆಂಗಿನಕಾಯಿ ಅರ್ಪಿಸುವ ಆ ದಿನ ಭಕ್ತಿಯ ದಿನವಾಗಿರುವಂತೆಯೇ, ಮೇಲೆಳೆದ ದೋಣಿಯ ಕಾಲಬುಡಕ್ಕೆ ನೀರು ತಾನಾಗಿ ಬರುವ ದಿನವೂ ಹೌದು. ಮರದ ದೋಣಿಯುಳ್ಳವರು ಅದಕ್ಕೆ ಎರಡು ಮೂರು ದಿನ ಮೊದಲೇ ಹೊದಿಕೆ ತೆಗೆದು, ಸಂದುಗಳಿಗೆ ಹತ್ತಿ ಮತ್ತು ರಾಳ ತುಂಬಿ, ದೋಣಿಯನ್ನು ಇಳಿಜಾರಿನ ಅಂಚಿಗೆ ಸರಿಸಿ ಉಬ್ಬರದ ನೀರಿನಲ್ಲಿ ಅರ್ಧ ನೆನೆಯಲು ಬಿಡುತ್ತಾರೆ. ಒಣಗಿ ಕುಗ್ಗಿದ್ದ ಹಲಗೆಗಳು ಉಪ್ಪುನೀರು ಕುಡಿದು ಉಬ್ಬಿ, ಒಂದಕ್ಕೊಂದು ಬಿಗಿದುಕೊಂಡು, ಮೊದಲ ದಿನ ಧಾರೆಯಾಗಿ ಒಸರುತ್ತಿದ್ದ ಸಂದು ಮೂರನೆಯ ದಿನಕ್ಕೆ ಹನಿಯಷ್ಟಾಗಿ, ಕೂವೆ ಏರಿಸುವ ಹೊತ್ತಿಗೆ ನಿಂತಿರುತ್ತದೆ.